ಹನ್ನೊಂದು ಜೋಳ, ಒಂದು ಕಡಲೆ

ಗಡಿಗೆ ಬೋರಲು ಹಾಕಿದಾಗ ಹನ್ನೊಂದು ಜೋಳದ ಕಾಳಿನ ಜೊತೆ ಒಂದು ಕಡಲೆಕಾಳೂ ಉರುಳಿತು. ರಾಚಪ್ಪನ ಕಷ್ಟ ಶುರುವಾದದ್ದು ಅಲ್ಲಿಂದ.

ದೇಶದ ಮೊದಲ ಚುನಾವಣೆ ಮುಗಿದ ವರ್ಷ. ನಮ್ಮಲ್ಲೂ ಗುಪ್ತ ಮತದಾನವೇ ಆಗಲಿ ಎಂದು ಕುಲಗೋಡದ ವಾಚನಾಲಯ ಸಂಘದವರು ಹಟ ಹಿಡಿದಿದ್ದರು. ಓದು ಬಾರದೆ ಪೇಪರು ಓದಿಸಿ ಕೇಳುವ ಸದಸ್ಯರೇ ಹೆಚ್ಚಿದ್ದರಿಂದ ಚೀಟಿ ಬೇಡವೆಂದಾಯಿತು. ಆರು ವರ್ಷದಿಂದ ಅಧ್ಯಕ್ಷನಾಗಿರುವ ರಾಚಪ್ಪನೇ ಇರಲಿ ಎನ್ನುವವರು ಜೋಳ ಹಾಕಬೇಕು, ಬೇಡವೆನ್ನುವವರು ಕಡಲೆ. ತನಗೆ ತಾನೇ ಮತ ಹಾಕಿಕೊಳ್ಳುವುದು ಚೆಂದವಲ್ಲವೆಂದು ರಾಚಪ್ಪ ದೂರ ನಿಂತಿದ್ದ. ಉಳಿದ ಹನ್ನೆರಡು ಮಂದಿಯಲ್ಲಿ ಆ ಒಬ್ಬ ಯಾರು?

"ಗೆದ್ದೀರಿ, ಸುಮ್ನ ಕುಂದರ್ರಿ," ಎಂದಳು ಮರುದಿನ ಹೆಂಡತಿ ಗೌರವ್ವ. "ಮಂದೀನ ಕೆಣಕಿದ್ರ ಇದ್ದ ಖುರ್ಚಿನೂ ಹೋಗತೈತಿ."

ಗೆದ್ದವನ ಕಿವಿಗೆ ಬುದ್ಧಿಮಾತು ಹೋಗುವುದುಂಟೆ? ರಾಚಪ್ಪ ಜೇಬಿನ ತುಂಬ ಹುರಿಗಡಲೆ ತುಂಬಿಕೊಂಡು ಹೊರಟ. ಕಡಲೆ ಕಂಡರೆ ತಪ್ಪಿತಸ್ಥನ ಮುಖ ಬಾಡುತ್ತದೆಂಬುದು ಅವನ ಲೆಕ್ಕ.

ಶಿಂಪಿಗರ ಕರೆಪ್ಪ, "ಒಲ್ಲೆರಿ, ಹಲ್ಲು ನೋಯಾಕತ್ತಾವ," ಎಂದ.

"ನಿನ್ನೆ ಗಡಿಗ್ಯಾಗ ಹಾಕೂಮುಂದ ನೋಯಲಿಲ್ಲೇನು?"

ಕರೆಪ್ಪ ಕತ್ತರಿ ಕೆಳಗಿಟ್ಟ. "ನಾ ಜೋಳ ಹಾಕೇನ್ರಿ. ನನ್ನ ಮ್ಯಾಲ ಸಂಶಯ ಏನು?"

ಚಹದಂಗಡಿಯ ಉದ್ದಪ್ಪ ಒಂದು ಹಿಡಿ ತಿಂದು ಇನ್ನೊಂದಕ್ಕೆ ಕೈ ಚಾಚಿದ. ಇಷ್ಟು ಧೈರ್ಯದಿಂದ ತಿನ್ನುತ್ತಾನೆಂದರೆ ಇವನೇ ಇರಬೇಕೆಂದು ರಾಚಪ್ಪ ಅವನನ್ನೂ ದಿಟ್ಟಿಸಿದ.

"ತಿಂದ್ರೂ ಕಳ್ಳ, ಒಲ್ಲೆಂದ್ರೂ ಕಳ್ಳ ಅಂದ್ರ ಹೆಂಗ್ರಿ ಅಧ್ಯಕ್ಷರ?" ಎಂದ ಉದ್ದಪ್ಪ.

ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಮನೆ ಮುಗಿದಿದ್ದವು, ಹನ್ನೊಂದು ಜಗಳವೂ ಆಗಿದ್ದವು. ಉಳಿದದ್ದು ಊರಾಚೆಯ ಓಣಿಯ ಯಲ್ಲಾರಿ ಒಬ್ಬನೇ. ಅಷ್ಟರಲ್ಲಿ ಕಡಲೆ ತೀರಿತ್ತು. ಬರಿಗೈಯಲ್ಲಿ ಬಾಗಿಲಿಗೆ ಬಂದವನು ಏನಾದರೂ ಕೇಳಲೇಬೇಕಲ್ಲ.

"ವಾಚನಾಲಯದಾಗ ನಿಮಗ ಏನಾರ ಬೇಕೇನಪಾ?" ಎಂದ ರಾಚಪ್ಪ.

ಯಲ್ಲಾರಿ ಎದ್ದು ನಿಂತ. "ಪೇಪರ್ ಓದೂಮುಂದ ನಾವು ಕಟ್ಟಿ ಕೆಳಗ ನಿಂತು ಕೇಳತೀವ್ರಿ. ಒಳಗ ಕುಂದರಾಕ ಜಾಗಾ ಆದ್ರ ಸಾಕು."

"ಮಾಡೂಣು," ಎಂದ ರಾಚಪ್ಪ, ಬಿಸಿಲಿಗೆ ಬಾಯಾರಿ ಅವನ ಮನೆಯ ನೀರನ್ನೇ ಕುಡಿದು ಎದ್ದ. ಈ ಬಡಪಾಯಿಯ ಮೇಲಂತೂ ಅವನಿಗೆ ಸಂಶಯ ಬರಲಿಲ್ಲ.

ಸಂಜೆ ಸಿಟ್ಟಿಗೆದ್ದ ಸದಸ್ಯರು ಮತ್ತೆ ಸಭೆ ಕರೆದರು. ರಾಚಪ್ಪನಿಗೆ ಒಳಗೊಳಗೇ ಖುಷಿ. "ಈ ಸಲ ಕಾಳು ಬ್ಯಾಡ, ಕೈ ಎತ್ತರಿ. ಯಾರ ಮನಸ್ಸಿನ್ಯಾಗ ಏನೈತಿ ಎಲ್ಲಾರಿಗೂ ಕಾಣಲಿ," ಎಂದ.

ಕಂಡಿತು. ಬೇಡವೆಂದು ಹನ್ನೊಂದು ಕೈ ಎದ್ದವು. ಇರಲಿ ಎಂದು ಕಟ್ಟೆಯ ಕೆಳಗಿನಿಂದ ಎದ್ದದ್ದು ಯಲ್ಲಾರಿಯ ಕೈ ಮಾತ್ರ. ರಾಚಪ್ಪನ ಕಣ್ಣು ತುಂಬಿ ಬಂತು.

"ನೀ ಒಬ್ಬನ ಮೊದಲಿಂದ ನನ್ನ ಕಡಿ ಇದ್ದಿ ನೋಡು."

"ಇಲ್ರಿ," ಎಂದ ಯಲ್ಲಾರಿ. "ನಿನ್ನೆ ಕಡಲಿ ಹಾಕಿದಾಂವ ನಾನ. ಆರು ವರ್ಷದಾಗ ಒಮ್ಮಿನೂ ನೀವು ನಮ್ಮ ಓಣಿಗೆ ಬಂದಿರಲಿಲ್ಲ. ಇವತ್ತ ಬಿಸಲಾಗ ನಡಕೊಂಡು ಬಂದು, ಏನ ಬೇಕಂತ ಕೇಳಿದ್ರಿ. ಹಿಂಥಾ ಅಧ್ಯಕ್ಷರನ್ನ ಹೆಂಗ ಬಿಡೂದ್ರಿ?"

ತಾನು ಯಾತಕ್ಕೆ ಬಂದಿದ್ದೆನೆಂದು ಹೇಳುವ ಬದಲು ರಾಚಪ್ಪ, ಬೆಳಿಗ್ಗೆ ಕಡಲೆ ತುಂಬಿಕೊಂಡಿದ್ದ ಜೇಬನ್ನು ಕೈಯಿಂದ ಮುಚ್ಚಿಕೊಂಡ.