ಜೋಳದ ದಾಡಿ, ರೊಕ್ಕದ ದಾಡಿ

ಕತ್ತರಿ ಹಿಡಿದು ಹೊಟ್ಟೆ ಹೊರೆಯುವವನ ಮುಂದೆ ದಿನಕ್ಕೊಂದು ಫಜೀತಿ ಬಂದು ಕೂರುವುದು ಇದ್ದದ್ದೇ. ನನ್ನ ಅಂಗಡಿಗೆ ಬಂದ ಫಜೀತಿಗಳಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ನಮ್ಮಪ್ಪನೇ ಕಳಿಸಿಕೊಟ್ಟವು.

ಅಪ್ಪ ಸಾವಳಗಿಯ ಆಚೆ ಒಂದು ಹಳ್ಳಿಯಲ್ಲಿ ಕ್ಷೌರದ ಕೆಲಸ ಮಾಡುತ್ತಿದ್ದ. ರೊಕ್ಕಕ್ಕಲ್ಲ, ಆಯಕ್ಕೆ. ಅಂದರೆ ವರ್ಷವಿಡೀ ಗೊತ್ತಾದ ಮನೆಗಳ ತಲೆ, ಗಡ್ಡ ನೋಡಿಕೊಳ್ಳುವುದು. ಸುಗ್ಗಿಯಲ್ಲಿ ಅವರ ಕಣಕ್ಕೆ ಚೀಲ ಹಿಡಿದು ಹೋಗುವುದು. ಅವರು ರಾಶಿಯಿಂದ ಜೋಳ ಅಳೆದು ಹಾಕುವುದು. ಅವನ ಅಪ್ಪನೂ ಹಾಗೇ ಬದುಕಿದ್ದ. ನನಗೆ ಅದು ಸೇರಲಿಲ್ಲ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಹೊಸತರಲ್ಲಿ ನಾನು ಜಮಖಂಡಿಗೆ ಬಂದು, ಮೋಟಾರ್ ಸ್ಟ್ಯಾಂಡಿನ ಹತ್ತಿರ ಮಳಿಗೆ ಹಿಡಿದು, ದೊಡ್ಡ ಕನ್ನಡಿ ಹಾಕಿಸಿ, ತಿರುಗುವ ಕುರ್ಚಿ ತಂದು ಸಲೂನ್ ತೆಗೆದೆ. ಅಪ್ಪ ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೇ ಚೆನ್ನಾಗಿತ್ತೇನೋ.

ಬೋಳು ತಲೆಯ ದರ

ಅಂಗಡಿ ತೆಗೆದ ವಾರದಲ್ಲೇ ಅಪ್ಪ ನೋಡಲು ಬಂದ. ಕುರ್ಚಿಯಲ್ಲಿ ಕೂರಪ್ಪಾ ಅಂದರೆ ಕೂರಲಿಲ್ಲ. "ಕೂಡುವವ ಗಿರಾಕಿ. ನಾ ಯಾಕ ಕೂಡ್ಲಿ?" ಎಂದು ಬಾಗಿಲ ಪಕ್ಕದ ಬಾಕಿನ ಮೇಲೆ ಕೂತ. ಅವನಿಗೆ ಓದು ಬರುತ್ತಿರಲಿಲ್ಲ. ಗೋಡೆಯ ಹಲಗೆ ತೋರಿಸಿ ಏನು ಬರೆಸೀಯೋ ಎಂದು ಕೇಳಿದ.

"ಕಟಿಂಗಿಗೆ ಆರಾಣೆ, ದಾಡಿಗೆ ಮೂರಾಣೆ."

"ಯಾರ ಬಂದ್ರೂ ಅಷ್ಟಽ?"

"ಯಾರ ಬಂದ್ರೂ ಅಷ್ಟಽ."

ಆಗ ಕುರ್ಚಿಯ ಮೇಲೆ ಒಬ್ಬ ಮಾಸ್ತರರು ಕೂತಿದ್ದರು. ನಡುನೆತ್ತಿ ನುಣ್ಣಗೆ ಹೊಳೆಯುತ್ತಿತ್ತು, ಕಿವಿಯ ಮೇಲೆ ಮಾತ್ರ ಒಂದಿಷ್ಟು ಕೂದಲು. ಅಪ್ಪ ಆ ತಲೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಕನಿಕರದಿಂದ ಹೇಳಿದ: "ಇವರ ಕಡಿಂದ ಆರಾಣೆ ತಗೊಂಡ್ರ ಪಾಪ ಹತ್ತತೈತಿ ನೋಡು. ದೇವರ ಅರ್ಧಾ ಕೆಲಸಾ ಮಾಡಿ ಮುಗಿಸ್ಯಾನ."

ಮಾಸ್ತರರು ಎದ್ದವರು ಮೂರಾಣೆ ಇಟ್ಟರು. ನಾನು ಬಾಯಿ ತೆರೆಯುವ ಮೊದಲೇ ಅಂದರು: "ನಿಮ್ಮ ತಂದಿಯವರು ಹೇಳಿದ್ದು ನ್ಯಾಯ ಐತಿ. ಉಳಿದ ಮೂರಾಣೆ ದೇವರಿಗೆ ಹಾಕ್ತೀನಿ."

ಎಲ್ಲಿದ್ದರೂ ನಮ್ಮ ಗಡ್ಡ

ಸಂತೆಯ ದಿನ ನಮ್ಮ ಹಳ್ಳಿಯವರೆಲ್ಲ ಜಮಖಂಡಿಗೆ ಬರುತ್ತಿದ್ದರು. ಮೊದಲ ಸಂತೆಗೇ ಅಂಗಡಿ ತುಂಬಿಹೋಯಿತು. ನನ್ನ ಹಿಗ್ಗು ಕೇಳಬೇಡಿ. ಮೊದಲ ಗಿರಾಕಿ ಊರಿನ ದೊಡ್ಡ ರೈತ, ನಾನು ಕಾಕಾ ಎಂದು ಕರೆಯುವವರು. ಕಟಿಂಗ್ ಆಯಿತು, ದಾಡಿ ಆಯಿತು, ವಾಸನೆ ಎಣ್ಣೆ ಹಾಕು ಅಂದರು, ಹಾಕಿದೆ. ಪೌಡರೂ ಹಚ್ಚು ಅಂದರು, ಹಚ್ಚಿದೆ. ಕನ್ನಡಿಯಲ್ಲಿ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡು, ರುಮಾಲು ಸುತ್ತಿ ಹೊರಟೇಬಿಟ್ಟರು.

"ಕಾಕಾ, ರೊಕ್ಕಾ?"

ಅವರು ನಿಜವಾಗಿ ಗಾಬರಿಯಾದರು. "ಯಾತರ ರೊಕ್ಕೋ ತಮ್ಮಾ? ಸುಗ್ಗ್ಯಾಗ ನಿಮ್ಮಪ್ಪಗ ಜ್ವಾಳಾ ಅಳದೀನಲ್ಲ!"

"ಅದು ಊರಾಗ ಮಾಡಿದ್ದಕ್ಕ, ಕಾಕಾ. ಈ ಎಣ್ಣಿ, ಪೌಡರಾ?"

"ಅದೂ ಜ್ವಾಳದಾಗಽ ಬಂತು. ನಿಮ್ಮಪ್ಪನಽ ಹೇಳ್ಯಾನ, ಮಗನ ಕಡೆ ಹೋಗ್ರಿ ಅಂತ."

ಅವರ ಹಿಂದೆ ಸಾಲಾಗಿ ಕೂತವರೆಲ್ಲ ಜೋಳ ಅಳೆದವರೇ. ಅವತ್ತು ಸಂಜೆಗೆ ನನ್ನ ಸಾಬೂನು ಸವೆದಿತ್ತು, ಎಣ್ಣೆ ಶೀಸೆ ಬರಿದಾಗಿತ್ತು, ಬ್ಲೇಡು ಮೊಂಡಾಗಿದ್ದವು. ಗಲ್ಲಾಪೆಟ್ಟಿಗೆಯಲ್ಲಿ ಬೆಳಿಗ್ಗೆ ಪೂಜೆಗೆಂದು ನಾನೇ ಹಾಕಿದ್ದ ಒಂದಾಣೆ ಒಂಟಿಯಾಗಿ ಬಿದ್ದಿತ್ತು.

ಊರಿಗೆ ಹೋಗಿ ಅಪ್ಪನ ಜೊತೆ ಜಗಳ ತೆಗೆದೆ. ಸಾಬೂನಿನ ರೇಟು ಎಷ್ಟು ಏರಿದೆ ಗೊತ್ತೇನು, ಬ್ಲೇಡಿನ ರೇಟು ಗೊತ್ತೇನು ಎಂದು ಕೂಗಾಡಿದೆ. ಅಪ್ಪ ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುತ್ತಾ ತಣ್ಣಗೆ ಹೇಳಿದ: "ಅವರ ಗಡ್ಡ ಊರಾಗ ಬೆಳದ್ರ ನಂದು, ಜಮಖಂಡ್ಯಾಗ ಬೆಳದ್ರ ನಿಂದು. ಬನಹಟ್ಟಿಗೆ ಹ್ವಾದ್ರ ಏನ ಮಾಡೂದು ಅಂತ ನಂಗೂ ಚಿಂತಿ ಹತ್ತೈತಿ."

ಸರಕಾರದ ಗಡ್ಡ

ನನ್ನ ಮಳಿಗೆಯ ಮಾಲಕ ಬನಹಟ್ಟಿಯ ಸೀರೆ ವ್ಯಾಪಾರಿ. ನೂಲಿನ ದರ ಏರಿತು ಅಂತ ಬಾಡಿಗೆ ಏರಿಸಿದ. ನೂಲಿಗೂ ನನ್ನ ಮಳಿಗೆಗೂ ಏನು ಸಂಬಂಧ ಎಂದು ಕೇಳಿದೆ. "ನೂಲು ಕೊಳ್ಳುವವ ನಾನಽ ಅಲ್ಲೇನು?" ಅಂದ. ಎರಡು ತಿಂಗಳ ಬಾಡಿಗೆ ನಿಂತಿತ್ತು. ಬರುವ ಅಮಾವಾಸ್ಯೆಯೊಳಗೆ ಕೊಡದಿದ್ದರೆ ಕುರ್ಚಿ, ಕನ್ನಡಿ ಒಳಗಿಟ್ಟು ಕೀಲಿ ಜಡಿಯುತ್ತೇನೆ ಎಂದು ಹೇಳಿ ಹೋದ. ನನಗೆ ಊಟ ಸೇರದಂತಾಯಿತು. ಆ ಕುರ್ಚಿಗಾಗಿ ಅವ್ವ ತನ್ನ ಕೈಯ ಬೆಳ್ಳಿ ಕಡಗ ಕೊಟ್ಟಿದ್ದಳು.

ಅಪ್ಪನಿಗೆ ಸುದ್ದಿ ಮುಟ್ಟಿತು. ಬಾಡಿಗೆಗೆಂದು ಅವನು ಮನೆಯಿಂದ ಒಂದು ಚೀಲ ಜೋಳವನ್ನೇ ಹೊತ್ತು ಸರಕಾರಿ ಮೋಟಾರು ಹತ್ತಿದ. ಕಂಡಕ್ಟರ್ ಚೀಲಕ್ಕೂ ಟಿಕೀಟು ಅಂದ.

"ಅದೇನ ಸೀಟಿನ ಮ್ಯಾಲೆ ಕುಂತೈತೇನು?" ಅಪ್ಪನ ಪ್ರಶ್ನೆ. ಕಂಡಕ್ಟರ್ ಕೇಳಲಿಲ್ಲ. ಅವನ ಗಡ್ಡ ನಾಲ್ಕು ದಿನ ಬೆಳೆದದ್ದು ಅಪ್ಪನ ಕಣ್ಣಿಗೆ ಬಿತ್ತು. ಮೋಟಾರು ನಡುದಾರಿಯಲ್ಲಿ ನೀರು ಹಾಕಿಸಿಕೊಳ್ಳಲು ನಿಂತಾಗ ಅಪ್ಪ ಕತ್ತಿ ಕತ್ತರಿಯ ತನ್ನ ಹಡಪ ಬಿಚ್ಚಿ, ಬೇವಿನ ಗಿಡದ ಕೆಳಗೆ ಅವನನ್ನು ಕೂರಿಸಿ ಚೆಂದಾಗಿ ದಾಡಿ ಮಾಡಿದ. ಕಂಡಕ್ಟರ್ ಗಲ್ಲ ಸವರಿಕೊಂಡು ಖುಷಿಪಟ್ಟ. ಖುಷಿಯಿಂದಲೇ ಚೀಲದ ಟಿಕೀಟು ಹರಿದು ಕೈಗಿಟ್ಟ. "ದಾಡಿ ನಂದು, ಮೋಟಾರ ಸರಕಾರದ್ದು, ಹಿರ್ಯಾರಽ!"

ಜಮಖಂಡಿಯಲ್ಲಿ ಇಳಿದರೆ ಸುಂಕದ ನಾಕಾದವನು ಜಕಾತಿ ಕೇಳಿದ. ಹೊತ್ತವನು ಹಮಾಲಿ ಕೇಳಿದ. ಕೊನೆಗೆ ಮಾಲಕ ಚೀಲ ನೋಡಿ, "ನಾ ಏನ ಹಿಟ್ಟಿನ ಗಿರಣಿ ಇಟ್ಟೇನೇನು? ರೊಕ್ಕಾ ತರ್ರಿ" ಅಂದ. ಜೋಳ ಮಾರಿದೆವು. ಖರ್ಚು ಕಳೆದು ಉಳಿದದ್ದರಲ್ಲಿ ಬಾಡಿಗೆ ಪೂರ್ತಿ ತೀರಲಿಲ್ಲ, ಐದಾರು ರೂಪಾಯಿ ಬಾಕಿ ನಿಂತಿತು. ಅಮಾವಾಸ್ಯೆಗೆ ಇನ್ನೂ ಒಂದು ಸಂತೆ ಇತ್ತು, ಅಷ್ಟೇ.

ಅಪ್ಪ ಬಾಕಿನ ಮೇಲೆ ಕೂತು ಯೋಚನೆ ಮಾಡಿದ. "ಕಂಡಕ್ಟರಂದು ಬೋಳಿಸಿ ತಪ್ಪ ಮಾಡಿದ್ನಿ. ಸರಕಾರದ ಗಡ್ಡ ಎಲ್ಲೈತಿ ಅಂತ ಯಾರರೆ ತೋರಿಸಿದ್ರ ಅದನ್ನಽ ಬೋಳಿಸಿ ಬರತಿದ್ನಿ."

ತುಟ್ಟಿ ದಾಡಿ

ಆ ಕೊನೆಯ ಸಂತೆಯ ದಿನ ನಮ್ಮ ಹಳ್ಳಿಯವರು ಎಂದಿನಂತೆ ಬಂದು ಸಾಲಾಗಿ ಕೂತರು. ದೊಡ್ಡ ರೈತರೂ ಇದ್ದರು. ಅಷ್ಟರಲ್ಲಿ ಅಪ್ಪ ಒಳಗೆ ಬಂದವನು ಬಾಕಿನ ಕಡೆ ನೋಡಲಿಲ್ಲ; ಸೀದಾ ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟ.

"ದಾಡಿ ಮಾಡೋ."

ಕೊರಳಿಗೆ ಬಟ್ಟೆ ಕಟ್ಟಿದೆ. ಹುಟ್ಟಿದಾಗಿನಿಂದ ನೋಡಿದ ಮುಖ, ಒಮ್ಮೆಯೂ ಮುಟ್ಟಿರಲಿಲ್ಲ. ಕೆನ್ನೆ ಇಷ್ಟು ಒಳಗೆ ಹೋಗಿದೆ ಅಂತ ಸಾಬೂನು ಹಚ್ಚಿದಾಗಲೇ ನನಗೆ ತಿಳಿದದ್ದು. ಅವನು ಕಣ್ಣು ಮುಚ್ಚಿ ಕೂತಿದ್ದ. ಮುಗಿದ ಮೇಲೆ ಎದ್ದು, ಎಲೆಯಡಿಕೆಯ ಸಂಚಿ ಬಿಚ್ಚಿ, ಮೂರಾಣೆ ತೆಗೆದು ಎಲ್ಲರಿಗೂ ಕೇಳುವಂತೆ ಗಲ್ಲಾದ ಮೇಲೆ ಟಣ್ ಅನ್ನಿಸಿದ.

"ಅಪ್ಪಾ, ಏನಿದು? ಬ್ಯಾಡ" ಅಂದೆ.

"ತಗೋ. ಹಲಗಿ ಮ್ಯಾಲೆ ಬರದೈತಿ. ಯಾರ ಬಂದ್ರೂ ಅಷ್ಟಽ ಅಂತ ನೀನಽ ಹೇಳಿದಿ."

ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: "ಸುಮ್ನ ಒಳಗ ಹಾಕು. ಹೆತ್ತ ಅಪ್ಪನ ಕಡಿಂದನಽ ತಗೊಂಡ ಮ್ಯಾಲೆ ಇನ್ಯಾರ ಬಾಯಿ ತಗೀತಾರ?"

ದೊಡ್ಡ ರೈತರು ಗೊಣಗಿದರು, ಆದರೆ ಕೊಟ್ಟರು. ಉಳಿದವರೂ ಕೊಟ್ಟರು. ಒಂದಿಬ್ಬರು ಪೌಡರು ಬೇಡ ಅಂದರು. ಅಮಾವಾಸ್ಯೆಯ ಹಿಂದಿನ ದಿನ ಮಾಲಕನಿಗೆ ಉಳಿದ ಬಾಡಿಗೆ ಕೊಟ್ಟೆ, ಅಂಗಡಿ ಉಳಿಯಿತು. ಅಪ್ಪನ ಜಾಣತನವನ್ನು ಊರ ತುಂಬ ಹೇಳಿಕೊಂಡು ತಿರುಗಿದೆ. ಆ ಮೇಲೆ ಹಳ್ಳಿಯವರು ರೊಕ್ಕ ಕೊಟ್ಟೇ ನನ್ನಲ್ಲಿ ಮಾಡಿಸಿಕೊಳ್ಳತೊಡಗಿದರು. ಅವರಿಗೂ ಕನ್ನಡಿಯ ರುಚಿ ಹತ್ತಿತ್ತು; ಊರಲ್ಲಿ ಅಪ್ಪನ ಮುಂದೆ ಕೂರುವುದು ಕಡಿಮೆಯಾಯಿತು.

ಸುಗ್ಗಿ ಬಂತು. ಜೋಳ ಹೊರಲು ನಾನೂ ಅಪ್ಪನ ಜೊತೆ ಹೋದೆ, ಕೈಯಲ್ಲಿ ಒಂದೊಂದು ಖಾಲಿ ಚೀಲ. ಮೊದಲು ದೊಡ್ಡ ರೈತರ ಕಣ. ಅವರು ಮರದ ಕೆಳಗೆ ಕೂತಿದ್ದರು, ಅಳತೆಯ ಕೆಲಸವನ್ನು ಆ ವರ್ಷದಿಂದ ಅವರ ಮಗ ವಹಿಸಿಕೊಂಡಿದ್ದ. ನನ್ನ ವಾರಿಗೆಯವನು. ಚೀಲ ನೋಡಿ ಅವನು ಒರಟಾಗೇನೂ ಮಾತಾಡಲಿಲ್ಲ. ಸಂಕೋಚದಿಂದಲೇ ಕೇಳಿದ: "ನೀವಽ ಹೇಳ್ರಿ ಕಾಕಾ, ಇಷ್ಟ ದಿನಾ ನಿಮ್ಮ ಮಗಗ ರೊಕ್ಕಾ ಕೊಟ್ಟೇವಿ. ಸ್ವತಾ ನೀವೂ ಅಲ್ಲಿ ರೊಕ್ಕಾ ಇಟ್ಟದ್ದು ನಮ್ಮಪ್ಪ ನೋಡ್ಯಾರ. ಅಂದಮ್ಯಾಲೆ ಜ್ವಾಳಾ ಯಾತಕ್ಕ ಕೊಡೂದು?"

ಅಪ್ಪ ಮರದ ಕೆಳಗೆ ಕೂತವರ ಕಡೆ ನೋಡಿದ. ಅವರು ರಾಶಿಯ ಕಡೆ ನೋಡಿದರು. ಆ ಮಗ ಕೇಳಿದ್ದು ನಾನೇ ಕಲಿಸಿದ ಲೆಕ್ಕ. ಅಪ್ಪ ಮುಂದಿನ ಕಣದ ಕಡೆ ಹೊರಟ. ಸುದ್ದಿ ನಮಗಿಂತ ಮುಂದೆ ಓಡಿತ್ತು. ಉಳಿದ ಕಣಗಳಲ್ಲೂ ಅದೇ ಪ್ರಶ್ನೆ. ಒಬ್ಬ ಮುದುಕಿ ಮಾತ್ರ ಕರೆದು ಒಂದು ಬೊಗಸೆ ಹಾಕಿದಳು.

ಆ ಮೂರಾಣೆಯನ್ನು ನಾನು ಮುಟ್ಟಬಾರದಿತ್ತು ಎಂದು ಎಷ್ಟೋ ಸಲ ಅನಿಸಿದೆ. ಮುಟ್ಟದಿದ್ದರೆ ಅಂಗಡಿಗೆ ಕೀಲಿ ಬೀಳುತ್ತಿತ್ತು, ಅದೂ ಗೊತ್ತಿದೆ.

ಚೀಲಗಳನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡು ಮನೆಗೆ ಬಂದೆವು. ಜೋಳ ಸುರಿಯಲು ಅಂಗಳ ಸಾರಿಸಿ ಅವ್ವ ಕಾಯುತ್ತಿದ್ದಳು. "ಎಲ್ಲಿ ಜ್ವಾಳಾ?" ಎಂದು ಕೇಳಿದಳು.

ಅಪ್ಪ ತನ್ನ ಗಲ್ಲವನ್ನು ನಿಧಾನಕ್ಕೆ ಸವರಿಕೊಂಡ.

"ಇಲ್ಲಿ ಹೋತು ನೋಡು. ಜೀವಮಾನದಾಗ ಒಂದಽ ಸಲ ರೊಕ್ಕಾ ಕೊಟ್ಟ ದಾಡಿ ಮಾಡಿಸ್ಕೊಂಡ್ನಿ. ಇಡೀ ತಾಲೂಕಿನ್ಯಾಗ ಇಷ್ಟ ತುಟ್ಟಿ ದಾಡಿ ರಾಜಾಂದೂ ಆಗಿರಾಕಿಲ್ಲ."