ಉಪ್ಪು ಹಾಕಿದ ಕೈ

ಬಹಳ ಹಿಂದೆ, ಅಂದರೆ ಈಗ ಯಾರೂ ನನ್ನ ಮೇಲೆ ಮಾನನಷ್ಟ ಮೊಕದ್ದಮೆ ಹೂಡಲಾಗದಷ್ಟು ಹಿಂದೆ, ಸಮಾಧಾನಪುರ ಎಂಬ ರಾಜ್ಯವಿತ್ತು. ಅಲ್ಲಿ ಅರಸರು ಹುಟ್ಟುತ್ತಿರಲಿಲ್ಲ, ಪ್ರಜೆಗಳ ಮತದಿಂದ ಆಯ್ಕೆಯಾಗುತ್ತಿದ್ದರು. ಆಯ್ಕೆಯಾದ ಮೇಲೆ ಹುಟ್ಟಿನಿಂದಲೇ ಅರಸರಾಗಿದ್ದವರಂತೆ ನಡೆದುಕೊಳ್ಳುತ್ತಿದ್ದರು, ಆ ಮಾತು ಬೇರೆ.

ಈ ರಾಜ್ಯಕ್ಕೂ ಪಕ್ಕದ ಬಿರುಸಾಲ ಸೀಮೆಗೂ ಘೋರ ಯುದ್ಧವಾಯಿತು. ಕಾರಣ ಏನೆಂಬುದು ಎರಡೂ ಕಡೆಯವರಿಗೆ ಮರೆತುಹೋಗಿದೆ. ಸಮಾಧಾನಪುರ ಇನ್ನೇನು ಸೋಲಬೇಕು ಎನ್ನುವಾಗ ಕಡಲಾಚೆಯ ಉಪಕಾರದೇಶದವರು ಹಡಗು ಹಡಗು ಸೈನಿಕರನ್ನು ತಂದಿಳಿಸಿ ಯುದ್ಧ ಗೆದ್ದುಕೊಟ್ಟರು. ಯುದ್ಧ ಮುಗಿಯಿತು, ಉಪಕಾರ ಮುಗಿಯಲಿಲ್ಲ. ಮದುವೆಗೆ ಬಂದ ನೆಂಟರು ನಾಮಕರಣದವರೆಗೂ ಉಳಿದಂತೆ ಅವರು ಕಡಲತೀರದ ಕಲ್ಲಾಗರದಲ್ಲಿ ಡೇರೆ ಹಾಕಿಕೊಂಡು ಉಳಿದುಬಿಟ್ಟರು. ಕಲ್ಲಾಗರ ಉಪ್ಪು ಬೆಳೆಯುವ ಊರು. ಸಮುದ್ರದ ನೀರನ್ನು ಆಗರದ ಮಡಿಗಳಿಗೆ ಹಾಯಿಸಿ, ಬಿಸಿಲಿಗೆ ಬಿಟ್ಟು, ಉಪ್ಪು ಎಳೆಯುವುದು ಅಲ್ಲಿಯವರ ಕಸುಬು. ಆ ಮಡಿಗಳ ಮೇಲೆಯೇ ಉಪಕಾರದೇಶದ ಕುದುರೆಲಾಯ ಎದ್ದಿತು. ಮುಂದುಗಡೆ 'ತಾತ್ಕಾಲಿಕ ಶಿಬಿರ' ಎಂದು ಬೋರ್ಡು ನಿಲ್ಲಿಸಿದರು. ಬೋರ್ಡು ಕಲ್ಲಿನದು.

ಯುದ್ಧಾನಂತರದ ಮೊದಲ ಚುನಾವಣೆಯಲ್ಲಿ ಬಹುಮತವರ್ಮ ಎಂಬುವರು ಕಲ್ಲಾಗರಕ್ಕೆ ಮತ ಕೇಳಲು ಬಂದರು. ಅಲ್ಲಿ ಹೊನ್ನಕ್ಕ ಎಂಬ ವಿಧವೆ ಇದ್ದಳು. ಅವಳ ಬದುಕೆಲ್ಲ ಆ ಮಡಿಗಳಲ್ಲೇ ಇತ್ತು. ಮಡಿ ಹೋದ ಮೇಲೆ ಮಗ ಬೀರ ಬೇರೆ ದಾರಿ ಕಾಣದೆ ರಾಜಸೈನ್ಯ ಸೇರಿದ್ದ. ಬಹುಮತವರ್ಮರು ಅವಳ ಎರಡೂ ಕೈ ಹಿಡಿದುಕೊಂಡು, "ಹೆದರಬೇಡ ತಾಯಿ. ನಾನು ಪಟ್ಟಕ್ಕೆ ಬಂದ ಮರುದಿನವೇ ಆ ಡೇರೆಗಳು ಏಳುತ್ತವೆ. ನಿನ್ನ ಮಡಿ ನಿನಗೆ" ಎಂದರು. ಹೊನ್ನಕ್ಕ ನಂಬಿದಳು. ಇಡೀ ರಾಜ್ಯವೇ ನಂಬಿತು. ಬಹುಮತವರ್ಮರು ಭರ್ಜರಿಯಾಗಿ ಗೆದ್ದರು.

ಈಗ ಆ ರಾಜ್ಯದ ಒಂದು ಶಾಸ್ತ್ರದ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸಮಾಧಾನಪುರದಲ್ಲಿ ಸೈನಿಕರು ಸಂಬಳಕ್ಕೆ ಕಟ್ಟುಬೀಳುತ್ತಿರಲಿಲ್ಲ, ಉಪ್ಪಿಗೆ ಕಟ್ಟುಬೀಳುತ್ತಿದ್ದರು. ಪಟ್ಟಾಭಿಷೇಕದ ದಿನ ಹೊಸ ಅರಸ ಒಬ್ಬೊಬ್ಬ ಸೈನಿಕನ ಅಂಗೈಗೂ ತನ್ನ ಕೈಯಾರೆ ಚಿಟಿಕೆ ಉಪ್ಪು ಹಾಕಬೇಕು. ಸೈನಿಕ ಅದನ್ನು ನೆಕ್ಕಿ, "ಈ ಕೈ ಹೇಳಿದಂತೆ" ಅನ್ನಬೇಕು. ಆಮೇಲೆ ಆ ಕೈ ಬಿಟ್ಟು ಬೇರೆ ಯಾರು ಹೇಳಿದರೂ ಅವನು ಕದಲುವವನಲ್ಲ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂಬುದು ಅಲ್ಲಿ ಬರೀ ಗಾದೆಯಲ್ಲ, ಸೇನಾ ಕಾನೂನು.

ಪಟ್ಟಾಭಿಷೇಕದ ದಿನ ಬಿಸಿಲು ಸುಡುತ್ತಿತ್ತು. ಮೈದಾನದ ತುಂಬ ಸೈನ್ಯ ಕೈಚಾಚಿ ನಿಂತಿತ್ತು. ಮಹಾರಾಜರು ಆ ಸಾಲಿನ ಉದ್ದ ನೋಡಿ ಸಣ್ಣಗೆ ಬೆವರಿದರು. ಆಗ ಉಪಕಾರದೇಶದ ಭದ್ರತಾ ಸಲಹೆಗಾರ ಸೌಮ್ಯದತ್ತ ಹತ್ತಿರ ಬಂದು ಬಾಗಿದ. ಅವನು ಯಾವಾಗಲೂ ಬಾಗಿಯೇ ಮಾತಾಡುತ್ತಿದ್ದ.

"ಪ್ರಭುಗಳ ಹಸ್ತ ಇಂಥ ಚಿಲ್ಲರೆ ಕೆಲಸಕ್ಕೆ ಏಕೆ ಸವೆಯಬೇಕು? ನಮ್ಮ ಸಾಮರ್ಥ್ಯವರ್ಧನಾ ಯೋಜನೆಯಲ್ಲಿ ಉಪ್ಪು ವಿತರಣೆಗೂ ಅವಕಾಶವಿದೆ. ಉಪ್ಪು ನಮ್ಮದು, ಅಯೋಡಿನ್ ಸೇರಿಸಿದ್ದು. ಕೈಯೂ ನಮ್ಮದು, ಗ್ಲೌಸ್ ಹಾಕಿದ್ದು. ತಾವು ಛತ್ರಿಯ ಕೆಳಗೆ ಕೂತು ಕೈ ಬೀಸಿದರೆ ಸಾಕು."

"ಹಾಗೆ ಮಾಡಬಹುದೇನ್ರೀ?" ಎಂದು ಮಹಾರಾಜರು ಮಂತ್ರಿ ಅನುಮೋದನಾಚಾರ್ಯರನ್ನು ಕೇಳಿದರು.

"ಆಹಾ ಪ್ರಭು, ಉಪ್ಪು ಹಾಕುವುದು ಅಡುಗೆಯವನ ಕೆಲಸ. ಕೈ ಬೀಸುವುದೇ ರಾಜಲಕ್ಷಣ" ಎಂದು ಮಂತ್ರಿಗಳು ಕೋಲೆಬಸವನಂತೆ ತಲೆಯಾಡಿಸಿದರು.

ಹೀಗೆ ಸೌಮ್ಯದತ್ತ ಉಪ್ಪು ಹಾಕುತ್ತ ಹೋದ, ಸೈನಿಕರು ನೆಕ್ಕುತ್ತ ಹೋದರು. "ಈ ಕೈ ಹೇಳಿದಂತೆ, ಈ ಕೈ ಹೇಳಿದಂತೆ" ಎಂಬ ಸದ್ದು ಮೈದಾನ ತುಂಬಿತು. ಮಹಾರಾಜರು ಅದು ತಮ್ಮ ಕೈಯ ವಿಷಯವೆಂದುಕೊಂಡು ಇನ್ನೂ ಜೋರಾಗಿ ಬೀಸಿದರು. ಕಾರ್ಯಕ್ರಮ ಅಚ್ಚುಕಟ್ಟಾಗಿ ನಡೆಯಿತೆಂದು ಪತ್ರಿಕೆಗಳು ಬರೆದವು.

ಮರುದಿನ ಕಳೆಯಿತು, ಅದರ ಮರುದಿನವೂ ಕಳೆಯಿತು, ಡೇರೆಗಳು ಏಳಲಿಲ್ಲ. ಹೊನ್ನಕ್ಕ ಕಾದು ಕಾದು ಸಾಕಾಗಿ ತಾನೇ ರಾಜಧಾನಿಗೆ ನಡೆದು ಬಂದು ಆಸ್ಥಾನದ ನಡುವೆ ನಿಂತಳು.

"ಒಡೆಯಾ, ಬಿಸಿಲುಕಾಲ ಅರ್ಧ ಹೋತು. ಈಗ ನೀರು ಹಾಯಿಸ್ದಿದ್ರೆ ಈ ವರ್ಷ ಉಪ್ಪಿಲ್ಲ. ಉಪ್ಪಿಲ್ಲ ಅಂದ್ರೆ ನಮಗೆ ಗಂಜಿ ಇಲ್ಲ. ನೀವು ಕೈ ಹಿಡ್ದು ಹೇಳಿದ್ರಿ."

ಮಹಾರಾಜರಿಗೆ ನಿಜಕ್ಕೂ ಮನಸ್ಸು ಕರಗಿತು. ನಾನು ಸುಳ್ಳು ಹೇಳುವುದಿಲ್ಲ, ಅವರು ಕೆಟ್ಟವರಲ್ಲ. ಎದ್ದು ನಿಂತು ಗಂಟಲು ಸರಿಮಾಡಿಕೊಂಡು, "ಯಾರಲ್ಲಿ! ದಳವಾಯಿ ರಾಚಪ್ಪನವರೇ, ಈಗಲೇ ಸೈನ್ಯ ಹೊರಡಲಿ. ಕಲ್ಲಾಗರ ತೆರವಾಗಲಿ" ಎಂದು ಅಪ್ಪಣೆ ಮಾಡಿದರು.

ದಳವಾಯಿ ರಾಚಪ್ಪ ಗೌರವದಿಂದ ಕೇಳಿಸಿಕೊಂಡ. ಕದಲಲಿಲ್ಲ. ಆಸ್ಥಾನದ ಎರಡೂ ಬದಿ ನಿಂತ ಕಾವಲಿನವರೂ ಕದಲಲಿಲ್ಲ.

"ಕೇಳಿಸಲಿಲ್ಲವೇ?"

"ಕೇಳಿಸ್ತು ಮಹಾಪ್ರಭು. ಬಹಳ ಒಳ್ಳೆ ಆಜ್ಞೆ. ಆದ್ರೆ..." ಎಂದು ದಳವಾಯಿ ಸೌಮ್ಯದತ್ತನ ಕಡೆ ನೋಡಿದ.

ಮಹಾರಾಜರಿಗೆ ಅನುಮಾನ ಬಂತು. "ಎಲ್ಲರೂ ಬಲಗಾಲು ಎತ್ತಿ ನೋಡೋಣ" ಎಂದರು. ಒಬ್ಬನೂ ಎತ್ತಲಿಲ್ಲ. ಸೌಮ್ಯದತ್ತ ಸಂಕೋಚದಿಂದ ಬಾಗಿ, "ಪ್ರಭುಗಳು ಹೇಳುತ್ತಿದ್ದಾರಲ್ಲ, ಎತ್ತಿ" ಎಂದ. ಅಷ್ಟೂ ಜನ ಒಂದೇ ಏಟಿಗೆ ಕಾಲೆತ್ತಿದರು. ಮಂತ್ರಿಗಳು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

"ನೋಡಿದಿರಾ ಪ್ರಭು, ಎಂಥ ಶಿಸ್ತು! ಹಿಂದಿನ ಅರಸರ ಕಾಲದಲ್ಲಿ ಇಂಥ ಶಿಸ್ತು ಇತ್ತೇ?"

ಕಾಲೆತ್ತಿ ನಿಂತವರಲ್ಲಿ ಬೀರನೂ ಇದ್ದ. ಹೊನ್ನಕ್ಕ ಅವನನ್ನು ಕಂಡಳು. "ಬೀರಾ, ನೀನಾದ್ರೂ ಹೋಗೋ. ನಮ್ಮದೇ ಮಡಿ ಅಲ್ವೇನೋ" ಎಂದಳು. ಅವನು ನೆಲ ನೋಡಿಕೊಂಡೇ, "ಉಪ್ಪು ತಿಂದಾಗಿದೆ ಅವ್ವಾ" ಎಂದ.

ಅಂದು ಸಂಜೆ ಒಳಮನೆಯಲ್ಲಿ ಸಭೆ ಸೇರಿತು. ಮಹಾರಾಜರ ಮುಖ ಸಣ್ಣದಾಗಿತ್ತು. "ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗಾಯಿತಲ್ಲ ನನ್ನ ಕಥೆ. ನಾನು ಹೇಳಿದ್ದು ನಡೆಯದಿದ್ದರೆ ನಾನು ಎಂಥ ಅರಸ?" ಎಂದರು.

ಅನುಮೋದನಾಚಾರ್ಯರು ಸ್ವಲ್ಪ ಯೋಚಿಸಿ, "ತೊಡಕು ಇರುವುದು ಸೈನ್ಯದಲ್ಲಲ್ಲ ಪ್ರಭು, ಅನುಕ್ರಮದಲ್ಲಿ. ತಾವು ಮೊದಲು ಹೇಳಿ ಆಮೇಲೆ ಸೌಮ್ಯದತ್ತರು ಒಪ್ಪದಿದ್ದರೆ ಮುಜುಗರ. ಸೌಮ್ಯದತ್ತರು ಮೊದಲು ತಮ್ಮ ಕಿವಿಯಲ್ಲಿ ಹೇಳಲಿ. ತಾವು ಅದನ್ನೇ ಗಟ್ಟಿಯಾಗಿ ಅಪ್ಪಣೆ ಮಾಡಿ. ಆಗ ತಮ್ಮ ಪ್ರತಿಯೊಂದು ಆಜ್ಞೆಯೂ ತಪ್ಪದೆ ಪಾಲನೆಯಾಗುತ್ತದೆ. ಇದನ್ನು ಜಂಟಿ ಸಾರ್ವಭೌಮತ್ವ ಎಂದು ಕರೆಯೋಣ" ಎಂದರು. ಮಹಾರಾಜರಿಗೆ ಇದು ಬಹಳ ಹಿಡಿಸಿತು. ಯಾರೂ ಮೀರದ ಆಜ್ಞೆ ಕೊಡುವ ಅರಸ ಚರಿತ್ರೆಯಲ್ಲಿ ತಾನೊಬ್ಬನೇ ಆಗಬಹುದೆಂದು ಅವರಿಗೆ ಅನಿಸಿತು.

ಮೊದಲ ಜಂಟಿ ಆಜ್ಞೆ ಮರುದಿನ ಹೊರಟಿತು. ಸೌಮ್ಯದತ್ತ ಪಿಸುಗುಟ್ಟಿದ, ಮಹಾರಾಜರು ಸಾರಿದರು: "ಕಲ್ಲಾಗರವು ಇಂದಿನಿಂದ ಸಂರಕ್ಷಿತ ಸ್ನೇಹ ವಲಯ. ಮಿತ್ರಶಿಬಿರದ ಸುರಕ್ಷತೆಯ ದೃಷ್ಟಿಯಿಂದ ಸ್ಥಳೀಯರು..." ಅಲ್ಲಿಗೆ ದನಿ ತೊಡರಿತು. ಮಂತ್ರಿಗಳ ಕಡೆ ವಾಲಿ, "ಇದು ನಾನು ಹೇಳಿದ್ದಕ್ಕೆ ಉಲ್ಟಾ ಅಲ್ಲವೇನ್ರೀ?" ಎಂದು ಕೇಳಿದರು.

"ಛೆ ಛೆ. ಕಲ್ಲಾಗರ ತೆರವಾಗಲಿ ಅಂದಿರಿ, ತೆರವಾಗುತ್ತಿದೆ. ಯಾರನ್ನು ಅನ್ನುವುದು ಅನುಷ್ಠಾನದ ವಿಷಯ."

ಮಹಾರಾಜರು ಉಳಿದದ್ದನ್ನೂ ಸಾರಿ ಮುಗಿಸಿದರು. ದಳವಾಯಿ ಈ ಸಲ ಮಾತು ಮುಗಿಯುವ ಮುಂಚೆಯೇ ಹೊರಟಿದ್ದ.

ಇಲ್ಲಿ ನನಗೆ ಸಿಟ್ಟು ಬರುತ್ತದೆ, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕಲ್ಲಾಗರದವರು ಕಣ್ಣಾರೆ ಕಂಡರು. ಊರು ಬಿಡಿಸಲು ಬಂದ ತುಕಡಿಯಲ್ಲಿ, ಜಾಗದ ಪರಿಚಯವಿದೆಯೆಂದು, ಬೀರನನ್ನೇ ಮುಂದೆ ಬಿಟ್ಟಿದ್ದರು. ಅವನು ಮನೆಯ ಬಾಗಿಲಲ್ಲಿ ನಿಂತು ಒಳಗೆ ಬರಲಾರದೆ ಕಾಲಿನಿಂದ ನೆಲ ಕೆರೆಯುತ್ತಿದ್ದ. ಹೊನ್ನಕ್ಕ ಬೈಯಲಿಲ್ಲ. "ಒಲೆ ಮೇಲೆ ಗಂಜಿ ಅದೆ, ಉಂಡು ಆಮೇಲೆ ಸಾಮಾನು ಹೊರಗೆ ಹಾಕು" ಎಂದಳು. ಅವನು ಉಣ್ಣಲಿಲ್ಲ. ಸಾಮಾನು ಹೊರಗೆ ಹಾಕಿದ. ಊರಿನವರೆಲ್ಲ ಗಂಟುಮೂಟೆ ಹೊತ್ತು ರಾಜಧಾನಿಯ ಕೋಟೆಗೋಡೆಗೆ ಆನಿಸಿ ಗುಡಿಸಲು ಹಾಕಿಕೊಂಡರು.

ಈ ಯಶಸ್ಸಿನಿಂದ ಸಂತುಷ್ಟರಾದ ಉಪಕಾರದೇಶದವರು ಬಹುಮತವರ್ಮರಿಗೆ 'ಸಾರ್ವಭೌಮ' ಎಂಬ ಬಿರುದು ದಯಪಾಲಿಸಿದರು. ಎರಡನೇ ಸಲ ಪಟ್ಟಾಭಿಷೇಕ. ಕಿರೀಟವೂ ಕಡಲಾಚೆಯಿಂದಲೇ ಬಂತು, ಅಳತೆ ತುಸು ದೊಡ್ಡದು. ಖರ್ಚಿನ ಪ್ರಶ್ನೆ ಬಂದಾಗ ಮಂತ್ರಿಗಳು ಅದನ್ನು ಹೂವೆತ್ತಿದಷ್ಟು ಸುಲಭವಾಗಿ ಬಗೆಹರಿಸಿದರು. ಕಿರೀಟಕ್ಕೂ ಸೈನ್ಯಕ್ಕೂ ಸೇರಿಸಿ ಪ್ರತಿ ಮನೆಗೆ ರಕ್ಷಣಾ ಸೆಸ್ಸು. ಮನೆ ಇಲ್ಲದವರಿಗೆ, ಅವರ ಮನೆ ತೆಗೆದ ಶ್ರಮಕ್ಕಾಗಿ, ಪ್ರತ್ಯೇಕ ತೆರವು ಶುಲ್ಕ.

ಸಮಾರಂಭಕ್ಕೆ ಬಂದ ಜನರಿಂದ ಅಲ್ಲೇ ವಸೂಲಿ ನಡೆಯಿತು. ಬೀರ ಡಬ್ಬಿ ಹಿಡಿದು ಸಾಲಿನುದ್ದಕ್ಕೂ ಬರುತ್ತ ಹೊನ್ನಕ್ಕನ ಮುಂದೆ ನಿಂತ. ಅವಳನ್ನು ದಾಟಿಹೋಗಲು ನೋಡಿದ. ಅವಳೇ ತಡೆದಳು.

"ನಿಲ್ಲು. ಈ ದುಡ್ಡು ಎಲ್ಲಿಗೆ ಹೋಗ್ತದೆ?"

"ನಮ್ಮ ಸಂಬಳಕ್ಕೆ, ಅವ್ವಾ. ಊಟಕ್ಕೆ."

"ಉಪ್ಪಿಗೂ?"

"ಹೌದಂತೆ. ಮೊದ್ಲು ಕೊಟ್ಟ ಉಪ್ಪಿಗೂ ಈಗ ಬಿಲ್ಲು ಬಂದಿದೆಯಂತೆ."

ಹೊನ್ನಕ್ಕ ಸೆರಗಿನ ಗಂಟು ಬಿಚ್ಚಿ ಇದ್ದಷ್ಟನ್ನೂ ಡಬ್ಬಿಗೆ ಹಾಕಿದಳು. "ಹಂಗಾದ್ರೆ ನಿನಗೆ ಉಪ್ಪು ಹಾಕಿದವಳು ನಾನೇ ಆದೆ ಮಗಾ. ಈಗ ನಾನು ಹೇಳಿದ್ದು ಕೇಳ್ತೀಯಾ? ನಡಿ, ಆಗರಕ್ಕೆ ಹೋಗುವಾ."

ಬೀರ ತಾಯಿಯ ಮುಖ ನೋಡಿದ. ಆಮೇಲೆ ತಿರುಗಿ ವೇದಿಕೆಯ ಕಡೆ ನೋಡಿದ. ಅಲ್ಲಿ ಸೌಮ್ಯದತ್ತ ಬಾಗಿ ನಿಂತು ಕಿರೀಟ ಸರಿಪಡಿಸುತ್ತಿದ್ದ, ಸಾರ್ವಭೌಮರು ಅದು ಬೀಳದಂತೆ ತಲೆ ಅಲ್ಲಾಡಿಸದೆ ಕೂತಿದ್ದರು. ಬೀರ ಡಬ್ಬಿ ಎತ್ತಿಕೊಂಡು ಪಕ್ಕದವರ ಹತ್ತಿರ ಹೋದ.