ಉಗಾಂಡಾದಲ್ಲಿ ಜವಳ

ಮನುಷ್ಯರು ಸಮುದ್ರ ದಾಟುವುದಕ್ಕೆ ಬೇಕಾದಷ್ಟು ಘನವಾದ ಕಾರಣಗಳಿವೆ. ಕರೋಶಿಯ ಬಾಳೇಶ ಮಾತ್ರ ಮಗನ ತಲೆಗೂದಲು ತೆಗೆಸುವುದಕ್ಕಾಗಿ ದಾಟಿದ. ಕರೋಶಿಯಲ್ಲಿ ಕತ್ತರಿಗೆ ಬರಗಾಲವಿತ್ತೆಂದು ಯಾರೂ ತಿಳಿಯಬಾರದು. ಅವನದು ತಲೆಮಾರುಗಳಿಂದ ಕುರಿ ಸಾಕಿದ ಮನೆತನ. ಅವರ ಹಿತ್ತಲಿನ ಗೋಡೆಗೆ ಸಿಕ್ಕಿಸಿದ ಉಣ್ಣೆಗತ್ತರಿಗಳಿಂದ ಇಡೀ ಚಿಕ್ಕೋಡಿ ತಾಲೂಕನ್ನು ಒಂದೇ ಹಗಲಿನಲ್ಲಿ ಬೋಳಿಸಬಹುದಿತ್ತು. ಕೊರತೆ ಇದ್ದದ್ದು ತೊಡೆಯದು. ಕೂಸಿನ ಮೊದಲ ಕೂದಲು ಸೋದರಮಾವನ ತೊಡೆಯ ಮೇಲೆಯೇ ಇಳಿಯಬೇಕು, ಮತ್ತು ಆ ತೊಡೆ ಉಗಾಂಡಾದಲ್ಲಿತ್ತು.

ತೊಡೆ ಅಲ್ಲಿಗೆ ಹೋದದ್ದು ಹೀಗೆ. ಬಾಳೇಶನ ಮಾವ, ಅಂದರೆ ಹೆಂಡತಿ ಮಾಯಾಳ ಅಪ್ಪ ಬಾಬಾಸಾಹೇಬ, ರಾಯಬಾಗದ ಕಡೆ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಹಾಲು ಕುದಿಸುತ್ತಲೇ ಮುದುಕನಾದವನು. ನಿವೃತ್ತನಾದವನು ಕಟ್ಟೆಯ ಮೇಲೆ ಕೂತು ಸರಕಾರವನ್ನು ಬೈಯುವುದು ಲೋಕರೂಢಿ. ಈತ ಕೂರುವಷ್ಟರಲ್ಲಿ ಉಗಾಂಡಾದ ಕಾರ್ಖಾನೆಯವರು ಕರೆದರು. ಹೆಂಡತಿ ಜನಾಬಾಯಿಯನ್ನೂ, ತೊಡೆಯ ಒಡೆಯನಾದ ಮಗ ಸಂದೇಶನನ್ನೂ ಕಟ್ಟಿಕೊಂಡು ಹೋದವನು ಅಲ್ಲೇ ಬೇರು ಬಿಟ್ಟ. ಅಲ್ಲಿ ಕಬ್ಬು ವರ್ಷವಿಡೀ ಅರೆಯುತ್ತಾರಂತೆ. ಹಾಗಾಗಿ ಅದೇ ಕಾರ್ಖಾನೆ ಸೇರಿದ ಸಂದೇಶನಿಗೆ ರಜೆಯೆಂಬುದು ಕಥೆಯಲ್ಲಿ ಕೇಳುವ ಪದಾರ್ಥ.

ಇತ್ತ ಬಾಳೇಶನ ಮಗ ಮಾಳೇಶನಿಗೆ ಮೂರು ತುಂಬುತ್ತ ಬಂದಿತ್ತು. ಹುಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲಿಗೆ ಎರಡು ಜಡೆ, ಜಡೆಗೆ ಕೆಂಪು ರಿಬ್ಬನ್ನು. ನಿಪ್ಪಾಣಿ ಬಸ್ಸಿನಲ್ಲಿ ಯಾರಾದರೂ "ಮಗಳ ಹೆಸರೇನ್ರಿ" ಎಂದರೆ ಬಾಳೇಶ "ಮಾಳೇಶ" ಅನ್ನಬೇಕಾಗುತ್ತಿತ್ತು; ಕೇಳಿದವರು ಮುಂದಿನ ನಿಲ್ದಾಣದವರೆಗೂ ಕಿಟಕಿಯಾಚೆ ನೋಡುತ್ತಿದ್ದರು.

ಬಾಳೇಶನ ತಾಯಿ ತಾರವ್ವ ರಾಜಾಜ್ಞೆ ಹೊರಡಿಸಿದಳು. ಮೂರು ತುಂಬುವುದರೊಳಗೆ ಜವಳ ಆಗಬೇಕು, ಮಾಮಾನ ತೊಡೆಯ ಮೇಲೆಯೇ ಆಗಬೇಕು, ಇಳಿದ ಕೂದಲನ್ನು ತಂದು ಯಡೂರಿನಲ್ಲಿ ಕೃಷ್ಣೆಗೆ ಬಿಡಬೇಕು. ತಪ್ಪಿದರೆ ಕೂಸಿಗೆ ಏನಾಗುತ್ತದೆ ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು, ಅದು ಇನ್ನೂ ಭಯಂಕರವಾಗಿತ್ತು. ಸತ್ತಿಯಲ್ಲಿ ಮಾಯಾಳ ಚಿಕ್ಕಪ್ಪನ ಮಗನೊಬ್ಬ ಇದ್ದಾನಲ್ಲ, ಅವನೂ ವರಸೆಯಲ್ಲಿ ಮಾಮಾನೇ ತಾನೇ ಎಂದು ಬಾಳೇಶ ಮೆಲ್ಲಗೆ ಸೂಚಿಸಿದ.

"ನನ್ನ ಖಾಸಾ ತಮ್ಮ ಗುಂಡಕಲ್ಲಿನಂಗ ಇರೂವಾಗ ಬಾಡಿಗಿ ಮಾಮಾನ್ನ ತರ್ತೀರಿ?" ಎಂದಳು ಮಾಯಾ. "ನಾಳೆ ಹೇಂತೀನೂ ಬಾಡಿಗಿಗೇ ತಂದೀರಿ ಮತ್ತ."

ಆ ಮನೆಯಲ್ಲಿ ಬಾಳೇಶನ ಮಾತು ಅಲ್ಲಿಗೆ ಮುಗಿಯುತ್ತದೆ. ಅವನ ತಂದೆ ಮಾಳಸಿದ್ದ ಮಾತ್ರ ಈ ಚರ್ಚೆಯಲ್ಲಿ ಯಾವ ಪಕ್ಷಕ್ಕೂ ಸೇರದೆ, ತಂಬಾಕು ತಿಕ್ಕುತ್ತ, ಹೋಗುವುದಾದರೆ ಆಡುಗಳಿಗೆ ಮೇವು ಕತ್ತರಿಸಿಟ್ಟು ಹೋಗು ಎಂದಷ್ಟೇ ಹೇಳಿದ.

ಪ್ರಯಾಣದ ಪೂರ್ವಪೀಠಿಕೆಯಾಗಿ ಹಳದಿ ಜ್ವರದ ಚುಚ್ಚುಮದ್ದು. ಅದಿಲ್ಲದೆ ಆ ದೇಶದೊಳಗೆ ಕಾಲಿಡುವಂತಿಲ್ಲ. ಸೂಜಿ ಮಾಳೇಶನನ್ನು ಚುಚ್ಚಿತು, ಮಾಳೇಶ ನರ್ಸಮ್ಮನನ್ನು ಕಚ್ಚಿದ. (ಯಾರ ಗಾಯ ಆಳವಾಗಿತ್ತು ಎಂಬ ಬಗ್ಗೆ ಇನ್ನೂ ಭಿನ್ನಾಭಿಪ್ರಾಯವಿದೆ.) ಮಾಳೇಶ ಎರಡು ಭಾಷೆಗಳ ವಿದ್ವಾಂಸ. ಕನ್ನಡದಲ್ಲಿ "ವಲ್ಲೆ" ಅನ್ನುತ್ತಾನೆ, ಅದು ನಡೆಯದಿದ್ದರೆ ಮರಾಠಿಯಲ್ಲಿ "ನಕೋ" ಅನ್ನುತ್ತಾನೆ. ಅದೂ ನಡೆಯದಿದ್ದರೆ ನೆಲಕ್ಕೆ ಬೀಳುತ್ತಾನೆ. ಆ ಭಾಷೆ ಜಗತ್ತಿಗೆಲ್ಲ ತಿಳಿಯುತ್ತದೆ.

ಮುಂಬೈಯಲ್ಲಿ ವಿಮಾನ ಹತ್ತುವಷ್ಟರಲ್ಲಿ ಅವನು ಮೂರು ಭಾಷೆಗಳನ್ನೂ ಬಳಸಿಯಾಗಿತ್ತು. ಸೀಟಿನ ಪಟ್ಟಿ ವಲ್ಲೆ, ಕಿಟಕಿ ನಕೋ, ಗಗನಸಖಿ ಕೊಟ್ಟ ಬಣ್ಣದ ಪೆನ್ಸಿಲ್ ಮುಂದಿನ ಸೀಟಿನ ಸೇಠಜಿಯ ಕಿವಿಗೆ. ಹೆಗಲ ಮೇಲೆ ಹಾಕಿಕೊಂಡು ಸೀಟುಗಳ ನಡುವಿನ ಓಣಿಯಲ್ಲಿ ನಡೆದರೆ ಮಾತ್ರ ಬಾಯಿ ಮುಚ್ಚುತ್ತಿದ್ದ. ನಿಂತರೆ ಕಿರುಚುತ್ತಿದ್ದ. ಉಳಿದ ಪ್ರಯಾಣಿಕರು ಮುಂಬೈಯಿಂದ ಉಗಾಂಡಾಕ್ಕೆ ಹಾರಿಹೋದರು; ಬಾಳೇಶ ಇಡೀ ಅರಬ್ಬೀ ಸಮುದ್ರವನ್ನು ನಡೆದೇ ದಾಟಿದ. ಆ ಪಾದಯಾತ್ರೆಯಲ್ಲಿ ಮಗನ ಕೈಗೆ ಸಿಕ್ಕ ಹಿಡಿಕೆ ಎಂದರೆ ಅಪ್ಪನ ಮೀಸೆ. ಅದು ಸಾಮಾನ್ಯ ಮೀಸೆಯಲ್ಲ, ಎರಡೂ ತುದಿಗೆ ಒಂದೊಂದು ನಿಂಬೆಹಣ್ಣು ನಿಲ್ಲಿಸಬಹುದಾದದ್ದು. ಮಾಯಾ ತವರು ಕಾಣುವ ಸಂತೋಷದಲ್ಲಿ ಸುಖವಾಗಿ ನಿದ್ದೆ ಹೋಗಿ, ಇಳಿಯುವ ಹೊತ್ತಿಗೆ ಎದ್ದು, ಕೂಸು ಎಷ್ಟು ಸಮಾಧಾನದಿಂದ ಬಂತು ನೋಡ್ರಿ ಎಂದಳು.

ಕಾರ್ಖಾನೆಯ ಕಾಲನಿಯಲ್ಲಿ ಜನಾಬಾಯಿ ಆರತಿ ಹಿಡಿದು ನಿಂತಿದ್ದಳು. ಮೊಮ್ಮಗನನ್ನು ಫೋನಿನಲ್ಲಲ್ಲದೆ ಕಂಡವಳಲ್ಲ. ಆದರೆ ಫೋನಿನಲ್ಲಿ ಬರೇ ಮುಖವಾಗಿದ್ದ ಅಜ್ಜಿಗೆ ಇಲ್ಲಿ ಕೈಕಾಲೂ ಇದ್ದದ್ದು, ಆ ಕೈಗಳು ತನ್ನ ಕಡೆ ಬಂದದ್ದು ಮಾಳೇಶನಿಗೆ ಒಪ್ಪಿಗೆಯಾಗಲಿಲ್ಲ. ಒಂದು ದಿನದಲ್ಲಿ ಅಜ್ಜಿಯೇನೋ ಬೆಲ್ಲ ಕೊಟ್ಟು ಒಲಿಸಿಕೊಂಡಳು. ಅಜ್ಜನನ್ನೂ ಪರವಾಗಿಲ್ಲ ಅನ್ನುವ ವರ್ಗಕ್ಕೆ ಸೇರಿಸಿದ. ಮಾಮಾ ಮಾತ್ರ ಸುತಾರಾಂ ಬೇಡ. ಆರಡಿ ಎತ್ತರದ ಸಂದೇಶ ಬಾಗಿಲಲ್ಲಿ ಕಂಡರೆ ಸಾಕು, ಮಾಳೇಶ ಮಂಚದ ಕೆಳಗೆ.

ಸಂದೇಶ ಕಬ್ಬು ಸುಲಿದು ಕೊಟ್ಟ, ಆಟಿಕೆ ಟ್ರ್ಯಾಕ್ಟರ್ ತಂದ. ಸಾಲದ್ದಕ್ಕೆ ನಿಜವಾದ ಟ್ರ್ಯಾಕ್ಟರನ್ನೂ ತಂದು ಅಂಗಳದಲ್ಲಿ ನಿಲ್ಲಿಸಿದ. ಮಾಳೇಶ ಎಲ್ಲವನ್ನೂ ಧಾರಾಳವಾಗಿ ಸ್ವೀಕರಿಸಿದ. ತೊಡೆಯನ್ನು ಮಾತ್ರ ತಿರಸ್ಕರಿಸಿದ. ಸೋಮವಾರ ಅವನಿಗೆ ಮೂರು ತುಂಬುತ್ತದೆ. ಭಾನುವಾರಕ್ಕೆ ಮುಹೂರ್ತ. ಅಥಣಿ, ಕಾಗವಾಡ, ಮಿರಜ ಕಡೆಯಿಂದ ಬಂದು ಅದೇ ಕಾರ್ಖಾನೆಯಲ್ಲಿದ್ದ ಮನೆಗಳಿಗೆಲ್ಲ ಊಟಕ್ಕೆ ಹೇಳಿಯಾಗಿದೆ. ಕರೋಶಿಯಿಂದ ತಾರವ್ವ ದಿನಕ್ಕೊಮ್ಮೆ ಫೋನ್ ಮಾಡಿ, "ಕುಂತನೇನ?" ಎಂದು ಒಂದೇ ಮಾತು ಕೇಳುತ್ತಾಳೆ. ಬಾಳೇಶನಿಗೆ ಹೋಳಿಗೆಯೂ ರುಚಿಸದಾಯಿತು. ಇಷ್ಟು ದೂರ ಬಂದು ಜಡೆ ಸಮೇತ ಮಗನನ್ನು ವಾಪಸು ಒಯ್ದರೆ ತಾಯಿ ಮನೆಯೊಳಗೆ ಬಿಟ್ಟುಕೊಂಡಾಳೆಯೇ?

ಭಾನುವಾರ ಬಂತು. ಮುಸೋಕೆ ಎಂಬ ಕ್ಷೌರಿಕನೂ ಬಂದ. ನಗುಮುಖದವನು, ಒಮ್ಮೆ ಕೈ ಹಾಕಿದರೆ ಕೆಲಸ ಅರ್ಧಕ್ಕೆ ಬಿಡದವನು. ಅಂಗಳದಲ್ಲಿ ಕಂಬಳಿ ಹಾಸಿ, ಸಂದೇಶ ಹೊಸ ಧೋತರ ಉಟ್ಟು ತೊಡೆ ಸಿದ್ಧಮಾಡಿ ಕೂತ. ಮುಸೋಕೆಯ ಮಷೀನು ಗುಂಯ್ ಎಂದದ್ದೇ ತಡ, ಮಾಳೇಶ ಮಾಯ. ಮಂಚದ ಕೆಳಗಿಂದ "ವಲ್ಲೆ" ಮತ್ತು "ನಕೋ" ಸರದಿಯಂತೆ ಕೇಳಿಬಂದವು. ಎಳೆದು ತಂದರೆ ಮಂಚವೇ ಹಿಂದೆ ಬಂತು.

"ನಿಮ್ಮ ಮಗಾ, ನೀವ ಏನರ ಮಾಡ್ರಿ," ಎಂದಳು ಮಾಯಾ. ಮಗ ಜಾಣತನ ತೋರಿದಾಗ ಅವನು ಅವಳ ಮಗ; ಮಂಚದ ಕೆಳಗಿದ್ದಾಗ ಬಾಳೇಶನ ಮಗ.

ಆಗ ಬಾಳೇಶನಿಗೆ ಒಂದು ದಿವ್ಯಜ್ಞಾನ ಹೊಳೆಯಿತು. ಇಷ್ಟು ದಿನ ಮಾವನ ಮನೆಯಲ್ಲಿ ಸಕ್ಕರೆಯ ಮಾತೇ ಕೇಳಿ ಕೇಳಿ ಬೇಸತ್ತವನು, ಈಗ ತನ್ನ ವಂಶದ ವಿದ್ಯೆಯನ್ನು ಎಲ್ಲರೆದುರು ಬಿಚ್ಚಿದ. "ಇದು ಕುರಿ ಲೆಕ್ಕಾ ಐತ್ರಿ. ಉಣ್ಣಿ ಕತ್ತರಸೂವಾಗ ಮರಿ ಯಾವತ್ತೂ ಮೊದಲ ಹಿಡೀಬಾರ್ದು. ಮೊದಲ ಟಗರಿಗಿ ಕತ್ತರಿ ಹಾಕಬೇಕು. ಟಗರು ಸುಮ್ಮ ನಿಂತಿದ್ದ ನೋಡಿ ಮರಿ ತಾವ ಬಂದ ನಿಲ್ತಾವು."

ಬಂದವರೆಲ್ಲ ತಲೆದೂಗಿದರು. ಬಾಬಾಸಾಹೇಬ ಕೇಳಿದ. "ಖರೆ ಐತಿ, ಅಳಿಯಂದ್ರ. ಇಲ್ಲಿ ಟಗರು ಯಾರ?"

ಬಾಳೇಶನ ಮನಸ್ಸಿನಲ್ಲಿದ್ದ ಟಗರು ಸಂದೇಶ. ಆದರೆ ಸಂದೇಶ ತೊಡೆಯಾಗಿ ಆಗಲೇ ನೇಮಕಗೊಂಡಿದ್ದ. ಅಂಗಳದ ಕಣ್ಣುಗಳೆಲ್ಲ ಒಂದೇ ಕಡೆ ತಿರುಗಿದವು. ಬಾಳೇಶ ಗಂಭೀರವಾಗಿ ಹೋಗಿ ಮುಸೋಕೆಯ ಮುಂದೆ ಕೂತ. ಕಿವಿಯ ಹತ್ತಿರ ಒಂದು ಚೂರು ತೆಗೆದಂತೆ ಮಾಡು ಸಾಕು ಎಂದು ಬೆರಳಿನಿಂದ ಸನ್ನೆ ಮಾಡಿ ತೋರಿಸಿದ.

ಮಷೀನು ಕಿವಿಯ ಹತ್ತಿರ ಒಂದು ಸುತ್ತು ಹೋಯಿತು. ಮಂಚದ ಕೆಳಗಿಂದ ಒಂದು ಜಡೆ ಹೊರಬಂತು, ಆಮೇಲೆ ಒಂದು ಕಣ್ಣು. ಎರಡನೇ ಸುತ್ತಿಗೆ ಇಡೀ ಮಾಳೇಶ ಬಾಗಿಲಿಗೆ ಬಂದ. ಚಪ್ಪಾಳೆ ತಟ್ಟಿ, "ಇನ್ನಷ್ಟ" ಎಂದ. ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಬಂದ ಮೊದಲ ಒಪ್ಪಿಗೆಯ ಮಾತು ಅದು. ಜನಾಬಾಯಿಗೆ ಕಣ್ಣು ತುಂಬಿ ಬಂತು. ಕೂಸು ಕೇಳುತ್ತಿದೆ, ಇನ್ನೊಂದು ಸುತ್ತು ಹೋಗಲಿ ಎಂದು ಎಲ್ಲರೂ ಮುಸೋಕೆಗೆ ಸನ್ನೆ ಮಾಡಿದರು. ಅರ್ಧ ತಲೆ ಬೋಳಾದ ಮೇಲೆ ನಿಲ್ಲಿಸುವುದು ಹೇಗೆ? ಪೂರ್ತಿ ಹೋಯಿತು. ಮಾಳೇಶ ಹತ್ತಿರ ಬಂದು, ಉಳಿದದ್ದು ಎಲ್ಲಿದೆ ಎಂದು ಹುಡುಕಿ, ಮೀಸೆಗೆ ಬೆರಳು ತೋರಿಸಿ, "ಇನ್ನಷ್ಟ" ಎಂದ.

ಬಾಳೇಶ "ಏ, ಏ" ಎಂದು ಕೈಯೆತ್ತುವಷ್ಟರಲ್ಲಿ ಬಲಗಡೆಯ ನಿಂಬೆಹಣ್ಣಿನ ಜಾಗ ಬಯಲಾಗಿತ್ತು. ಎಡಗಡೆಯದನ್ನು ಮಾತ್ರ ಇಟ್ಟುಕೊಂಡು ಯಾವ ಊರಿಗೆ ಹೋಗುವುದು? ಅವನೇ ಕಣ್ಣು ಮುಚ್ಚಿ ಆ ಕೆನ್ನೆಯನ್ನೂ ತಿರುಗಿಸಿದ.

ಮುಖ ಒರೆಸಿಕೊಂಡು, ನೋಡಿದೆಯಾ ನೋವೇ ಇಲ್ಲ ಎಂದು ಬಾಳೇಶ ನಗುತ್ತ ಎರಡೂ ಕೈ ಚಾಚಿ ಮಗನ ಕಡೆ ತಿರುಗಿದ. ಮಾಳೇಶ ನೋಡಿದ. ಅಪ್ಪ ಕೂತಿದ್ದ ಜಾಗದಲ್ಲಿ ಮತ್ತಾರೋ ಕೂತಿದ್ದಾನೆ; ತೊಳೆದಿಟ್ಟ ಬದನೆಕಾಯಿಯಂಥ ತಲೆ, ಮೂಗಿನ ಕೆಳಗೆ ಏನೂ ಇಲ್ಲ, ಮೇಲಾಗಿ ಕೈ ಬೇರೆ ಚಾಚುತ್ತಿದ್ದಾನೆ. ಆಮೇಲೆ ಹೊರಟ ಕಿರುಚಾಟಕ್ಕೆ ಕಾಲನಿಯ ಬಾಳೆಗಿಡಗಳಿಂದ ಕಾಗೆಗಳು ಎದ್ದು ಪಕ್ಕದ ದೇಶಕ್ಕೆ ಹೋದವು. ಅವನು ಓಡಿದ. ಅವ್ವ, ಅಜ್ಜಿ ಇಬ್ಬರೂ ಆ ಬೋಳುಮನುಷ್ಯನ ಹಿಂದೆಯೇ ನಿಂತಿದ್ದರು; ಅಂಗಳದಲ್ಲಿ ಪರಿಚಿತವಾಗಿ ಕಂಡ ಆರಡಿಯ ಆಶ್ರಯ ಒಂದೇ. ಹೋಗಿ ಮಾಮಾನ ತೊಡೆ ಏರಿ, ಕುತ್ತಿಗೆಗೆ ಜೋತುಬಿದ್ದು, "ಅಪ್ಪಾ ವಲ್ಲೆ" ಎಂದ.

ಬಾಬಾಸಾಹೇಬ ಮುಸೋಕೆಯ ಬೆನ್ನು ತಟ್ಟಿದ. ಸಂದೇಶ ಮೊದಲ ಕುಡಿ ಕತ್ತರಿಸಿದ. ಉಳಿದದ್ದನ್ನು ಮುಸೋಕೆ ಕಣ್ಣುಮುಚ್ಚಿ ತೆಗೆಯುವುದರೊಳಗೆ ಇಳಿಸಿದ. ಕೂಸು ಅಲುಗಾಡಲಿಲ್ಲ. ಬೋಳುಮನುಷ್ಯ ಹತ್ತಿರ ಬಾರದಂತೆ ನೋಡಿಕೊಳ್ಳುವುದರಲ್ಲೇ ಅದರ ಗಮನವೆಲ್ಲ ಇತ್ತು. ಮಾಯಾ ಜಡೆಗಳನ್ನು ರಿಬ್ಬನ್ ಸಮೇತ ಹೊಸ ಬಟ್ಟೆಯಲ್ಲಿ ಕಟ್ಟಿಕೊಂಡಳು. ಬಾಳೇಶ ಮೀಸೆ ಹೋದ ಜಾಗವನ್ನು ತಡವುತ್ತಲೇ, ಕುರಿ ಲೆಕ್ಕ ಎಂದೂ ತಪ್ಪುವುದಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಅಂದು ಹೋಳಿಗೆ ರುಚಿಸಿತು.

ಫೋಟೊಗಳನ್ನು ಕರೋಶಿಗೆ ಕಳಿಸುವ ಹೊಣೆ ಜನಾಬಾಯಿ ಹೊತ್ತಳು. ಊರಿನ ಬೀಗರು, ಬಿಜ್ಜರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಹಾಕಿದಳು. ನೆಟ್‌ವರ್ಕ್ ಕುಂಟುತ್ತಿತ್ತು, ತೊಡೆ, ಕೂಸು, ಆರತಿ ಎಲ್ಲ ತಿರುಗುತ್ತ ಅಲ್ಲೇ ನಿಂತು, ಒಂದೇ ಒಂದು ಫೋಟೊ ದಾಟಿತು. ಅದು ಬಾಳೇಶನದು. ತಲೆ ಬೋಳು, ಮೀಸೆ ಇಲ್ಲ, ಕೂದಲ ಚೂರು ಬಿದ್ದು ಕಣ್ಣು ಕೆಂಪಾಗಿ ನೀರು. ಕೆಳಗೆ ಜನಾಬಾಯಿ ಭಕ್ತಿಯಿಂದ ಒತ್ತಿದ, ಜೋಡಿಸಿದ ಎರಡು ಕೈಗಳ ಇಮೋಜಿ.

ನಮ್ಮ ಕಡೆ ಗಂಡಸು ತಲೆ ಮೀಸೆ ಎರಡನ್ನೂ ಬೋಳಿಸಿದನೆಂದರೆ ಯಾರೂ ಕಾರಣ ಕೇಳುವುದಿಲ್ಲ. ಅಪ್ಪ ಹೋದ ಎಂದೇ ಅರ್ಥ.

ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಬಾಳೇಶ ತಾಯಿಗೆ ಶುಭವಾರ್ತೆ ಹೇಳಲು ವಿಡಿಯೊ ಕರೆ ಮಾಡಿದ. ಫೋನ್ ಎತ್ತಿದವನು ಮಾಳಸಿದ್ದ. ಕಟ್ಟೆಯ ಮೇಲೆ ತಲೆಗೆ ಪಟಗಾ ಸುತ್ತಿಕೊಂಡು ಕೂತಿದ್ದ. ಹಿಂದೆ ಅರ್ಧ ಕರೋಶಿ ನಿಂತಿತ್ತು.

"ಬಾಳ್ಯಾ," ಎಂದ ಮಾಳಸಿದ್ದ, "ನಾ ಇನ್ನೂ ಅದೀನಿ."

"ಗೊತ್ತೈತಿ ಅಪ್ಪಾ."

"ನಿನಗ ಗೊತ್ತಿದ್ರ ಏನ ಬಂತು? ಮಂದೀಗಿ ಯಾರ ಹೇಳಾವ್ರು?"

ಫೋಟೊ ಬಂದಾಗಿನಿಂದ ಆದದ್ದನ್ನು ಮುದುಕ ಒಂದೊಂದಾಗಿ ಹೇಳಿದ. ಅವನ ತಂಗಿ ಸಾವಿತ್ರೆವ್ವ ಓಣಿಯ ತಿರುವಿನಿಂದಲೇ ಅಣ್ಣನ ಗುಣಗಾನ ಮಾಡಿ ಅಳುತ್ತ ಬಂದಳಂತೆ. ಬಾಗಿಲು ತೆಗೆದದ್ದು ಅಣ್ಣನೇ. ಶುರುಮಾಡಿದ್ದನ್ನು ನಡುವೆ ಬಿಡಬಾರದೆಂದು ಅವನೆದುರೇ ಪೂರ್ತಿ ಅತ್ತು ಮುಗಿಸಿ ಚಹಾ ಕುಡಿದಳಂತೆ. ಯಡೂರಿನ ಬೀಗರು ಟೆಂಪೊ ಮಾಡಿಕೊಂಡು ಹಾರದ ಸಮೇತ ಬಂದಿದ್ದರು. ತಂದ ಹಾರ ವಾಪಸು ಒಯ್ಯಬಾರದೆಂದು ಆಡಿನ ಕೊರಳಿಗೆ ಹಾಕಿದ್ದಾರೆ. ತಾರವ್ವ ಕುಂಕುಮದ ಭರಣಿ ಎದೆಗವಚಿಕೊಂಡು ಒಳಗೆ ಕೂತವಳು ಹೊರಗೆ ಬಂದಿಲ್ಲ. ಮಗ ಊರಿಗೆ ಬರಲಿ, ನೋಡಿಕೊಳ್ಳುತ್ತೇನೆ ಎಂದಿದ್ದಾಳೆ.

ಬಾಳೇಶ ಕುರಿ ಲೆಕ್ಕ, ಟಗರು, ಮರಿ ಎಂದು ವಿವರಿಸತೊಡಗಿದ. ಮಾಳಸಿದ್ದ ತಂಬಾಕು ಉಗುಳಿ ಬಂದು ಕೇಳಿದ. "ಇಷ್ಟು ವರ್ಷ ನಾ ಕುರಿ ಕಾದೇನಿ. ಟಗರಿನ ಮೀಸಿ ತಗದಿದ್ದ ನೀ ಎಲ್ಲೆರ ಕಂಡೀಯೇನ?"

ಬಾಳೇಶ ಮೀಸೆ ಇದ್ದ ಜಾಗಕ್ಕೆ ಅಂಗೈ ಅಡ್ಡ ಹಿಡಿದ. ಮುಂದಿನ ವಾರ ಬರುತ್ತೇವೆ, ಬಂದು ಎಲ್ಲರಿಗೂ ತಿಳಿಸಿ ಹೇಳುತ್ತೇನೆ ಎಂದ.

"ನೀ ಬರಬ್ಯಾಡ," ಎಂದ ಮಾಳಸಿದ್ದ. "ಈಗ ಅರ್ಧಾ ಮಂದಿ ನಾ ಸತ್ತೇನಂತ ನಂಬ್ಯಾರ. ನೀ ಇದ ಮಾರಿ ತಗೊಂಡ ಬಂದ ಇಳದ್ರ, ನನ್ನ ದಿನಕರ್ಮಾ ಮಾಡಾಕ ಬಂದಾನ ಅಂತ ಉಳದ ಅರ್ಧಾನೂ ಅಡಗೀಗಿ ಕುಂದರ್ತೈತಿ. ಸೊಸೀನ್ನೂ ಕೂಸನ್ನೂ ಕಳಿಸು. ನೀ ಮೀಸಿ ಬರೂತನಾ ಅಲ್ಲೇ ಕಬ್ಬ ತಿನಕೋತ ಇರು."

ಅಷ್ಟರಲ್ಲಿ ಪಕ್ಕದಲ್ಲೇ ಮಾಮಾನ ತೊಡೆಯ ಮೇಲಿದ್ದ ಮಾಳೇಶ ಫೋನಿನೊಳಗೆ ಇಣುಕಿದ. ಅಲ್ಲಿ ಪಟಗದ ಕೆಳಗೆ, ಬೆಳ್ಳಗಾದರೂ ಎರಡೂ ಕಡೆ ನೆಟ್ಟಗೆ ನಿಂತ ಒಂದು ಮೀಸೆ ಕಂಡಿತು. ಬೆಳಗಿನಿಂದ ಕಾಣೆಯಾದದ್ದು ಸಿಕ್ಕ ಸಮಾಧಾನದಲ್ಲಿ ಅವನು ಆ ಮೀಸೆಯ ಮೇಲೆ ಕೈಯಿಟ್ಟು, "ಅಪ್ಪಾ" ಎಂದ.

ಮಾಳಸಿದ್ದನಿಗೆ ಆ ದಿನ ಮೊದಲ ಬಾರಿ ನಗು ಬಂತು. "ನೋಡ ಬಾಳ್ಯಾ," ಎಂದ, "ಇಡೀ ಮಂದ್ಯಾಗ ನಾ ಬದಕೇನಿ ಅಂತ ಅದಕ್ಕಷ್ಟ ತಿಳೀತು. ಅದನ್ನ ಲಗೂನ ಕಳಿಸು." ಬಾಳೇಶ ಏನೋ ಹೇಳಲು ಬಾಯಿ ತೆರೆದ. ಮಾಳೇಶ ಅವನ ಬೋಳು ಮುಖವನ್ನು ಪುಟ್ಟ ಕೈಯಿಂದ ಫೋನಿನ ಮುಂದಿನಿಂದ ಆಚೆ ತಳ್ಳಿದ.